ತಿಂಗಳ ಚಂದಾ, ವರ್ಷದ ಆಯ

ಸಿಂದಗಿಯಿಂದ ವಿಜಯಪುರಕ್ಕೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಮಾತಿಗೆ ಮಾತು ಬೆಳೆದು ತಮ್ಮ ಮಗನ ಸಂಗತಿ ತೆಗೆದರು. ಹುಡುಗ ಬಿಸಿಎ ಕೊನೆಯ ವರ್ಷದಲ್ಲಿದ್ದಾನೆ. ಅಡತ ಅಂಗಡಿಗಳ ಲೆಕ್ಕಕ್ಕೆಂದು ತಾನೇ ಒಂದು ತಂತ್ರಾಂಶ ಬರೆದಿದ್ದಾನೆ. ಆದರೆ ಅದನ್ನು ಮಾರುವುದಿಲ್ಲವಂತೆ. ತಿಂಗಳಿಗೆ 300 ರೂಪಾಯಿ ಚಂದಾ ಕೇಳುತ್ತಾನಂತೆ.

“ಎತ್ತು ಮಾರಿ ಬಂದ ಮ್ಯಾಲೆ ತಿಂಗಳಾ ಹೋಗಿ ಅದರ ರೊಕ್ಕಾ ಕೇಳಿದಂಗ ಆತಲ್ರೀ ಸರ. ಇದು ಯಾವ ನ್ಯಾಯ? ಮಂದಿ ಏನಂದಾರು?”

ಅವರ ಸಂಕಟ ಸುಳ್ಳಲ್ಲ. ಇಂಥ ಪ್ರಶ್ನೆ ಈಗ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಊರುಗಳ ಅನೇಕ ಪಾಲಕರ ಮುಂದೆಯೂ ಬರಬಹುದು. ನಾನು ಅವರಿಗೆ ಮರುಪ್ರಶ್ನೆ ಹಾಕಿದೆ: “ನಿಮ್ಮ ಮನ್ಯಾಗ ಬಡಿಗ್ಯಾಗ, ಕಂಬಾರಗ ಆಯಾ ಕೊಡ್ತಿದ್ದಿಲ್ಲೇನ್ರಿ ಯಜಮಾನ್ರ?”

ಇಂದಿನ ಹುಡುಗರಿಗೆ ಆಯದ ಪದ್ಧತಿ ಗೊತ್ತಿರಲಿಕ್ಕಿಲ್ಲ. ಬಡಿಗ ವರ್ಷವಿಡೀ ರೈತನ ಕೂರಿಗೆ, ಕುಂಟಿ, ನೇಗಿಲು ಮುರಿದಾಗಲೆಲ್ಲ ಸರಿಮಾಡಿ ಕೊಡುತ್ತಿದ್ದ. ಕಂಬಾರ ಕುಡವನ್ನು ಕಾಯಿಸಿ ಬಡಿದು ಕೊಡುತ್ತಿದ್ದ. ಪ್ರತಿ ಕೆಲಸಕ್ಕೂ ಬಿಲ್ಲು ಇರಲಿಲ್ಲ. ಜೋಳದ ರಾಶಿಯಾದಾಗ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು ಒಯ್ಯುತ್ತಿದ್ದರು. ಅದರಲ್ಲಿ ಮೇಲು-ಕೀಳು, ಅನ್ಯಾಯ ಎಲ್ಲವೂ ಇದ್ದವು. ಆ ಪದ್ಧತಿಯನ್ನು ಹೊಗಳಲು ನಾನು ಹೊರಟಿಲ್ಲ. ಆದರೆ ಆಯ ಸಲ್ಲುತ್ತಿದ್ದುದು ವಸ್ತುವಿಗಲ್ಲ, ವರ್ಷವಿಡೀ ಕೈಗೆ ಸಿಗುವ ಕುಶಲಕರ್ಮಿಗೆ.

ಲೆಕ್ಕದ ತಂತ್ರಾಂಶವೂ ಎತ್ತಿಗಿಂತ ಹೆಚ್ಚಾಗಿ ಕೂರಿಗೆಯನ್ನು ಹೋಲುತ್ತದೆ, ಏಕೆಂದರೆ ಅದಕ್ಕೆ ದುರಸ್ತಿ ತಪ್ಪಿದ್ದಲ್ಲ. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ವ್ಯಾಟ್ ಬಂತು. ಬಿಲ್ಲಿನ ನಮೂನೆ ಬದಲಾಯಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದು ಎಲ್ಲವೂ ತಲೆಕೆಳಗಾಯಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ದರಗಳೇ ಬದಲಾಗಿ, 12 ಮತ್ತು 28ರ ಹಂತಗಳಲ್ಲಿದ್ದ ಬಹುತೇಕ ಸರಕುಗಳು 5 ಅಥವಾ 18ಕ್ಕೆ ಸರಿದವು. ಆ ದಿನ ಬೆಳಿಗ್ಗೆ ಅಂಗಡಿ ತೆರೆದ ವ್ಯಾಪಾರಿಗೆ ಹೊಸ ದರದ ಬಿಲ್ಲು ಬೇಕೇ ಬೇಕು. ತಂತ್ರಾಂಶವನ್ನು 6,000 ರೂಪಾಯಿಗೆ ಒಮ್ಮೆ ಮಾರಿ ಕೈತೊಳೆದುಕೊಂಡ ಹುಡುಗ ಆ ರಾತ್ರಿ ನಿದ್ದೆಗೆಟ್ಟು ಕೂರುವುದು ಯಾವ ಹಣಕ್ಕಾಗಿ? ಕೂರುವುದಿಲ್ಲ. ಫೋನೂ ಎತ್ತುವುದಿಲ್ಲ.

ಬೆಂಗಳೂರಿನ ಟ್ಯಾಲಿಯ ಕತೆ ಇಲ್ಲಿ ನೆನಪಾಗುತ್ತದೆ. ಅದೂ ಒಬ್ಬ ತಂದೆ ಮತ್ತು ಮಗನ ಕತೆಯೇ. ಕಾರ್ಖಾನೆಗಳಿಗೆ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಗ್ಗುವ ತಂತ್ರಾಂಶ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್‌ಗೆ, ನೀನೇ ಬರೆ ಎಂದರು. 1986ರಲ್ಲಿ ಪ್ಯುಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಆ ಕಂಪನಿಯೇ ಇಂದಿನ ಟ್ಯಾಲಿ ಸಲ್ಯೂಷನ್ಸ್. ಭರತ್ ಗೋಯೆಂಕಾ ಅವರಿಗೆ 2020ರಲ್ಲಿ ಪದ್ಮಶ್ರೀ ಸಂದಿತು. ನಮ್ಮ ಊರುಗಳ ಕಂಪ್ಯೂಟರ್ ತರಬೇತಿ ಕೇಂದ್ರಗಳ ಫಲಕದ ಮೇಲೆ ಈಗಲೂ ಟ್ಯಾಲಿಯ ಹೆಸರು ಇದ್ದೇ ಇರುತ್ತದೆ.

ಆ ಕಂಪನಿ ಹಣ ಪಡೆಯುವ ಬಗೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ತಂತ್ರಾಂಶದ ಪರವಾನಗಿಯನ್ನು ಒಮ್ಮೆ ಕೊಂಡರೆ ಅದು ಶಾಶ್ವತವಾಗಿ ನಿಮ್ಮದು. ಹೊಸ ಆವೃತ್ತಿ ಮತ್ತು ಅಂತರ್ಜಾಲದ ಸೌಲಭ್ಯಗಳು ಬೇಕೆಂದರೆ ವರ್ಷಕ್ಕೊಮ್ಮೆ ಬೇರೆ ಹಣ. ಅದನ್ನು ಕಟ್ಟದಿದ್ದರೆ ಹೊಸತು ಬರುವುದಿಲ್ಲ, ಆದರೆ ಇದ್ದದ್ದು ನಡೆಯುತ್ತದೆ. ಒಮ್ಮೆಗೆ ಅಷ್ಟು ಹಣ ಹೊಂದದವರಿಗೆ ಬಾಡಿಗೆಯ ಕ್ರಮವೂ ಇದೆ. ಚಿತ್ರ, ವಿನ್ಯಾಸಗಳ ತಂತ್ರಾಂಶ ಮಾಡುವ ಅಮೆರಿಕದ ಅಡೋಬಿ ಕಂಪನಿ ಮಾತ್ರ 2013ರಲ್ಲಿ ತನ್ನ ಮುಖ್ಯ ತಂತ್ರಾಂಶಗಳ ಹೊಸ ಆವೃತ್ತಿಗಳನ್ನು ಪೂರ್ತಿ ಚಂದಾ ಪದ್ಧತಿಗೇ ಹಾಕಿಬಿಟ್ಟಿತು. ಕಟ್ಟಿದಷ್ಟು ದಿನ ಬಳಕೆ.

ಇಷ್ಟು ಕೇಳಿ ಹಿರಿಯರು ಸುಮ್ಮನಾಗಲಿಲ್ಲ. “ಆತು, ಆಯಾನ ಅನ್ರಿ. ಆಯಾ ಬಿಟ್ರ ಬಡಿಗ್ಯಾ ಬಂದು ನನ್ನ ಕೂರಿಗಿ ಹೊತಗೊಂಡು ಹೋಗ್ತಿದ್ದಿಲ್ಲ. ಇವ ರೊಕ್ಕಾ ನಿಂತಕೂಡ್ಲೆ ಕಂಪ್ಯೂಟರಿಗೆ ಕೀಲಿ ಹಾಕ್ತೀನಿ ಅಂತಾನ.”

ನನಗೂ ಕ್ಷಣ ಮಾತು ನಿಂತಿತು. ಇಡೀ ವಿಷಯದ ಮುಳ್ಳು ಇರುವುದೇ ಇಲ್ಲಿ. ಕೀಲಿ ಬೀಳುವುದು ಹುಡುಗನ ತಂತ್ರಾಂಶಕ್ಕೆ ಮಾತ್ರವಲ್ಲ. ಅದರೊಳಗೆ ವ್ಯಾಪಾರಿಯ ಕೀರ್ದಿ, ಖತಾವಣಿ, ಯಾವ ರೈತನಿಗೆ ಎಷ್ಟು ಬಾಕಿ, ಹಮಾಲಿ ಎಷ್ಟು, ದಲಾಲಿ ಎಷ್ಟು, ಎಲ್ಲವೂ ಇವೆ. ಆ ಲೆಕ್ಕ ವ್ಯಾಪಾರಿಯ ಸ್ವಂತದ್ದು. ಜಿಎಸ್‌ಟಿ ಕಾಯಿದೆಯ ಪ್ರಕಾರ ನೋಂದಾಯಿತ ವ್ಯಾಪಾರಿ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕಡೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರ ಕಾದಿಡಬೇಕು. ಚಂದಾ ನಿಲ್ಲಿಸಿದ ಎರಡನೆಯ ವರ್ಷ ಅಧಿಕಾರಿ ಬಂದು ಹಳೆಯ ಬಿಲ್ಲು ಕೇಳಿದರೆ, ಅದು ಒಬ್ಬ ಹುಡುಗನ ಕೀಲಿಯೊಳಗಿದೆ ಎನ್ನಲಾದೀತೇ? ಪತ್ರಿಕೆಯ ಚಂದಾ ಮುಗಿದರೆ ಹೊಸ ಸಂಚಿಕೆ ಬರುವುದಿಲ್ಲ ನಿಜ. ಆದರೆ ಅಟ್ಟದ ಮೇಲಿನ ಹಳೆಯ ಸಂಚಿಕೆಗಳನ್ನು ಯಾರೂ ಬಂದು ಒಯ್ಯುವುದಿಲ್ಲವಲ್ಲ.

ಆದ್ದರಿಂದ ತಿಂಗಳ ಚಂದಾ ಕೇಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹಳೆಯ ಲೆಕ್ಕಕ್ಕೆ ಕೀಲಿ ಹಾಕುವುದು ಮಾತ್ರ ತಪ್ಪು. ಹಣ ನಿಂತಾಗ ಹೊಸ ಬಿಲ್ಲು ಬರೆಯುವುದನ್ನು ತಡೆಯಲಿ. ಹಳೆಯದನ್ನು ನೋಡಲು, ಮುದ್ರಿಸಲು, ಎಕ್ಸೆಲ್ ಕಡತವಾಗಿ ಇಳಿಸಿಕೊಳ್ಳಲು ಬಾಗಿಲು ತೆರೆದಿರಲಿ. ಇದನ್ನು ಮೊದಲ ದಿನವೇ ಕಾಗದದ ಮೇಲೆ ಕನ್ನಡದಲ್ಲಿ ಬರೆದುಕೊಟ್ಟರೆ ಅರ್ಧ ವ್ಯಾಪಾರ ಆದಂತೆಯೇ.

ಇನ್ನು ಮನೆಯ ಲೆಕ್ಕ. ನಾಲ್ಕೂ ತಾಲ್ಲೂಕು ತಿರುಗಿ 40 ಅಂಗಡಿ ಹಿಡಿದ ಎನ್ನಿ. ಒಮ್ಮೆ ಮಾರಿದರೆ ತಲಾ 6,000ದಂತೆ 2,40,000 ರೂಪಾಯಿ ಕೈಗೆ ಬಂತು. ಮರುವರ್ಷ ಸೊನ್ನೆ, ಫೋನು ಮಾತ್ರ ನಿಲ್ಲದು. ಚಂದಾ ಆದರೆ ತಿಂಗಳಿಗೆ 12,000, ವರ್ಷಕ್ಕೆ 1,44,000; ಕೆಲಸ ಚೆನ್ನಾಗಿದ್ದರೆ ಮರುವರ್ಷವೂ ಅಷ್ಟು. ಆದರೆ ನಲವತ್ತು ಅಂಗಡಿ ಒಂದೇ ದಿನ ಸಿಗುವುದಿಲ್ಲ. ಮೊದಲ ವರ್ಷ ಹತ್ತು ಸಿಕ್ಕರೆ ತಿಂಗಳಿಗೆ 3,000, ಅದರಲ್ಲೇ ಬಸ್ ಚಾರ್ಜು. ನಡುವೆ ಒಂದೆರಡು ಅಂಗಡಿ ಬಿಟ್ಟೂ ಹೋಗುತ್ತವೆ. ಬೆಂಗಳೂರಿನ ಸಂಬಳದ ಕೆಲಸ ಬಿಟ್ಟು ಮಗ ಊರಲ್ಲಿ ಕೂರುತ್ತೇನೆಂದರೆ, ಒಂದೆರಡು ವರ್ಷ ಮನೆಯವರು ಅವನನ್ನು ಸಾಕಬಲ್ಲರೇ ಎಂಬುದನ್ನು ಪಾಲಕರು ಅವನ ಮುಂದೆಯೇ ಕುಳಿತು ಮಾತಾಡಬೇಕು. ಇದರಲ್ಲಿ ಸಂಕೋಚ ಬೇಡ.

ತಿಂಗಳ ಚಂದಾ ಎಲ್ಲರಿಗೂ ಒಗ್ಗುವುದೂ ಇಲ್ಲ. ಇಂಡಿಯ ಲಿಂಬೆ ವ್ಯಾಪಾರಕ್ಕೆ ಬೇಸಿಗೆಯಲ್ಲಿ ರಂಗು. ತೊಗರಿ ತೆಗೆದುಕೊಳ್ಳುವ ಸಿಂದಗಿ, ಮುದ್ದೇಬಿಹಾಳದ ಅಂಗಡಿಗಳಿಗೆ ಸುಗ್ಗಿಯಲ್ಲಿ ರೊಕ್ಕ. ಬಾಗೇವಾಡಿ ಕಡೆಯ ಉಳ್ಳಾಗಡ್ಡಿಯ ದರವನ್ನಂತೂ ನಂಬುವಂತೆಯೇ ಇಲ್ಲ. ಬ್ಯಾಂಕ್ ಖಾತೆಯಿಂದ ತಾನಾಗಿ ಹಣ ಕತ್ತರಿಸುವ ಏರ್ಪಾಟು ಈಗ ಯುಪಿಐನಲ್ಲೂ ಇದೆ. ಹಾಗೆ ಕತ್ತರಿಸುವುದಕ್ಕೆ 24 ಗಂಟೆ ಮೊದಲೇ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಲ್ಲಿ ಜಾರಿಗೆ ಬಂತು. ಆದರೂ ನಮ್ಮ ಕಡೆಯ ಸಾವಕಾರರು ಕೇಳದೆ ರೊಕ್ಕ ಹೋಗುವುದನ್ನು ಒಪ್ಪುವುದು ಕಷ್ಟ. ಮೊದಲ ಮೂರು ತಿಂಗಳು ತಿಂಗಳ ಲೆಕ್ಕ, ನಂಬಿಕೆ ಬಂದ ಮೇಲೆ ಸುಗ್ಗಿಗೊಮ್ಮೆ ವರ್ಷದ್ದು ಎಂದರೆ ಇಬ್ಬರಿಗೂ ಹೊಂದೀತು.

ಬಸ್ಸು ವಿಜಯಪುರದ ನಿಲ್ದಾಣ ಸೇರಿತು. ಹಿರಿಯರು ಚೀಲ ಹೆಗಲಿಗೇರಿಸಿ, “ಆ ಕೀಲಿದು ತಗಸ್ತೀನ್ರಿ ಮೊದಲ,” ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. “ಮತ್ತ ನಮ್ಮ ಸಾವಕಾರರ ಅಂಗಡ್ಯಾಗ ದಿವಾನಜಿ ಅದಾರ, ಭಾಳ ಹಳಬರು. ಎಂಟು ದಿವಸ ಅವರ ಬಾಜೂಕ ಕುಂಡ್ರು ಅಂತೀನಿ. ಅಡತದ ಲೆಕ್ಕ ಇವಗೆಲ್ಲಿ ಗೊತ್ತೈತಿ?”