ಹೆಸರು ಹಾಕಿರಿ: ಕಬನೂರ ಚಿತ್ರಕಾರರ ಪ್ರಣಾಳಿಕೆ

ಮಹಾರಾಷ್ಟ್ರದ ಯಾವ ಸರ್ಕಾರಿ ಕಚೇರಿಗೆ ಹೋದರೂ ಗೋಡೆಯ ಮೇಲೆ ಶಿವಾಜಿ ಮಹಾರಾಜರಿದ್ದಾರೆ. ಗಡಿ ದಾಟಿ ನಿಪ್ಪಾಣಿಗೋ ಚಿಕ್ಕೋಡಿಗೋ ಹೋದರೆ ನವೆಂಬರ್ ಒಂದರ ಮೆರವಣಿಗೆಯ ಮುಂದೆ ತಾಯಿ ಭುವನೇಶ್ವರಿ ಇದ್ದಾಳೆ. ಗಡಿ ಜಗಳ ಎದ್ದಾಗೆಲ್ಲ ಆ ಕಡೆಯವರು ಆ ಚಿತ್ರ, ಈ ಕಡೆಯವರು ಈ ಚಿತ್ರ ಎತ್ತಿಕೊಂಡು ಬೀದಿಗಿಳಿಯುತ್ತಾರೆ. ಬಸ್ಸುಗಳಿಗೆ ಮಸಿ ಬೀಳುತ್ತದೆ, ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಕಬನೂರಿನವರಾದ ನಾವು ಎರಡು ದಿನ ಎಲ್ಲಿಗೂ ಹೋಗದೆ ಮನೆಯಲ್ಲಿ ಕೂರುತ್ತೇವೆ. ಆ ಗದ್ದಲದ ನಡುವೆ ಯಾರನ್ನಾದರೂ ನಿಲ್ಲಿಸಿ, ನಿಮ್ಮ ಕೈಯಲ್ಲಿರುವ ಚಿತ್ರ ತೆಗೆದವರು ಯಾರು ಎಂದು ಕೇಳಿ ನೋಡಿ.

ಮಹಾರಾಷ್ಟ್ರ ಸರ್ಕಾರ ಅಧಿಕೃತವೆಂದು ಒಪ್ಪಿದ ಶಿವಾಜಿಯ ಚಿತ್ರ ಕೊಲ್ಹಾಪುರದ ಜಿ. ಕಾಂಬಳೆಯವರದು. ಸಿನಿಮಾ ಪೋಸ್ಟರ್ ಬರೆದು ಹೆಸರು ಮಾಡಿದ ಕಲಾವಿದರು ಅವರು. ಭುವನೇಶ್ವರಿಯನ್ನು ಬರೆದವರು ಗದುಗಿನ ಸಿ.ಎನ್. ಪಾಟೀಲರು, 1953ರಲ್ಲಿ, ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿಯವರು ಬರೆಯಿಸಿದ್ದು. ದೇವಿಗೆ ಕೈ ಮುಗಿಯುವವರಿಗೂ ಮಹಾರಾಜರಿಗೆ ಜೈಕಾರ ಹಾಕುವವರಿಗೂ ಈ ಎರಡು ಹೆಸರು ಗೊತ್ತಿಲ್ಲ. ಗಡಿಯ ಎರಡೂ ಬದಿಯವರು ಒಂದು ವಿಷಯದಲ್ಲಾದರೂ ಒಗ್ಗಟ್ಟಾಗಿದ್ದಾರೆ: ಚಿತ್ರ ಬೇಕು, ಚಿತ್ರಕಾರ ಬೇಡ.

ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡಿಕೊಂಡು ಕಬನೂರ, ಇಚಲಕರಂಜಿ, ಗಡಹಿಂಗ್ಲಜ ಮತ್ತು ಸುತ್ತಲ ಹಳ್ಳಿಗಳಲ್ಲಿ ಚಿತ್ರ ತೆಗೆದು ಹೊಟ್ಟೆ ಹೊರೆಯುವ ನಾವು ಇದನ್ನು ಇನ್ನು ಒಪ್ಪುವುದಿಲ್ಲ. ಅದಕ್ಕೆ ಈ ಕೂಟ. ಚಿತ್ರಕಾರರ ಹೆಸರಿಗಾಗಿ ಹೊರಟ ಕೂಟಕ್ಕೆ ಏನು ಹೆಸರಿಡಬೇಕೆಂಬ ಜಗಳ ನಮ್ಮೊಳಗೇ ಮುಗಿದಿಲ್ಲ. ಪರವಾಗಿಲ್ಲ, ಕೆಲಸ ಅದಕ್ಕಾಗಿ ಕಾಯುವುದಿಲ್ಲ.

ನಾವು ಯಾರು? ಇಲ್ಲೊಬ್ಬಳು ಬೆಂಗಳೂರಿನ ಪ್ರಕಾಶಕರಿಗೆ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುತ್ತಾಳೆ, ಹಗಲಿಡೀ ಟ್ಯಾಬ್ಲೆಟ್ಟಿನ ಮೇಲೆ ಬಾಗಿರುತ್ತಾಳೆ. ಇನ್ನೊಬ್ಬ ಡಾಬಿ ಮಗ್ಗಕ್ಕೆ ಸೀರೆಯ ಅಂಚು, ಸೆರಗಿನ ಗ್ರಾಫ್ ಹಾಕುತ್ತಾನೆ. ಮೂರನೆಯವರು ಇಪ್ಪತ್ತು ವರ್ಷ ಅಂಗಡಿಯ ಬೋರ್ಡು ಬರೆದವರು. ಫ್ಲೆಕ್ಸ್ ಬಂದ ಮೇಲೆ ಬ್ರಷ್ ತೊಳೆದಿಟ್ಟರು. ಗಣೇಶ ಮಂಡಳಿಗಳ ಪರದೆ, ಉರುಸಿನ ಪೋಸ್ಟರು, ಲಗ್ನಪತ್ರಿಕೆ, ಟ್ರ್ಯಾಕ್ಟರಿನ ಹಿಂದಿನ ಹುಲಿ, ಕೋಚಿಂಗ್ ಕ್ಲಾಸಿನ ನೋಟ್ಸಿಗೆ ಹೃದಯದ ನಾಲ್ಕು ಕೋಣೆ, ಯೂಟ್ಯೂಬಿನ ಥಂಬ್‌ನೇಲು, ಟ್ಯಾಟೂ, ಕಾಮಿಕ್ಸು, ಪುಣೆಯ ಗೇಮ್ ಕಂಪನಿಗೆ ರಾಕ್ಷಸರ ವೇಷಭೂಷಣ, ಎಲ್ಲವೂ ನಮ್ಮಲ್ಲಿದೆ. ಕಾರಹುಣ್ಣಿಮೆಗೆ ಇಲ್ಲಿನವರು ಕರ್ನಾಟಕಿ ಬೆಂದೂರ ಎನ್ನುತ್ತಾರೆ. ಆ ದಿನ ಎತ್ತಿನ ಕೋಡಿಗೆ, ಮೈಗೆ ಬಣ್ಣ ಹಚ್ಚುವವರೂ ನಮ್ಮವರೇ. ಇವರಲ್ಲಿ ಯಾರು ಕಲಾವಿದರು, ಯಾರು ಬರೀ ಪೇಂಟರು ಎಂಬ ತಕ್ಕಡಿ ನಾವು ಹಿಡಿಯುವುದಿಲ್ಲ. ಆರ್ಟ್ ಸ್ಕೂಲಿನ ಡಿಪ್ಲೊಮಾ ಇದ್ದವರು ಈ ಸಾಲನ್ನು ಇನ್ನೊಮ್ಮೆ ಓದಬೇಕು. ಕೂಟದೊಳಗೆ ಮೊದಲ ಮನಸ್ತಾಪ ಬಂದದ್ದೇ ಇಲ್ಲಿ.

ಈ ತಕ್ಕಡಿ ಈ ನೆಲದ್ದಲ್ಲ. ಕೊಲ್ಹಾಪುರದ ಬಾಬುರಾವ್ ಮೇಸ್ತ್ರಿ ಮತ್ತು ಅವರ ಬಂಧು ಆನಂದರಾವ್ ನಾಟಕ ಕಂಪನಿಗಳ ಪರದೆ ಬರೆಯುತ್ತಿದ್ದವರು. ಆನಂದರಾವ್ 1916ರಲ್ಲಿ ತೀರಿಕೊಂಡರು. ಬಾಬುರಾವ್ ತಾವೇ ಕ್ಯಾಮೆರಾ ಕಟ್ಟಿ, ಮಹಾರಾಷ್ಟ್ರ ಫಿಲ್ಮ್ ಕಂಪನಿ ತೆರೆದು, 1920ರಲ್ಲಿ ‘ಸೈರಂಧ್ರಿ’ ತೆಗೆದರು. ಸಿನಿಮಾದ ಸೆಟ್ಟು, ಉಡುಪು, ಪೋಸ್ಟರು ಎಲ್ಲದಕ್ಕೂ ಅವರದೇ ಕೈ. ಲೋಕ ಅವರನ್ನು ಕರೆದದ್ದು ಬಾಬುರಾವ್ ಪೇಂಟರ್ ಎಂದೇ, ಅವರೂ ಆ ಹೆಸರನ್ನು ತಲೆಯೆತ್ತಿ ಇಟ್ಟುಕೊಂಡರು. ಅವರ ಕಂಪನಿಯಲ್ಲಿ ಕೆಲಸ ಕಲಿತ ಹುಡುಗ ವಿ. ಶಾಂತಾರಾಮ್. ಕನ್ನಡದ ಕಡೆಗೆ ಬಂದರೆ, ಕಲಬುರಗಿಯ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರು ಬರೆದರು, ಕ್ಯಾಲೆಂಡರಿಗೆ ದೇವರನ್ನು ಬರೆದರು. ದೇಶದ ಎಷ್ಟೋ ಮನೆಗಳಲ್ಲಿ ಊದಿನಕಡ್ಡಿಯ ಹೊಗೆ ಏರಿದ್ದು ಅವರ ಚಿತ್ರಗಳಿಗೆ. ಮೈಸೂರಿನ ಆರ್.ಕೆ. ಲಕ್ಷ್ಮಣರು ರಾಶಿಯವರ ಹಾಸ್ಯ ಪತ್ರಿಕೆ ‘ಕೊರವಂಜಿ’ಗೆ ಗೆರೆ ಎಳೆದು ಬೆಳೆದವರು. ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಇಂಥವರ ಗೆರೆಯ ಜತೆಗೇ ಒಂದು ತಲೆಮಾರು ಕನ್ನಡ ಕಥೆ ಓದಿತು. ಕಥೆ ಮರೆತರೂ ಆ ಚಿತ್ರದ ಹೆಂಗಸಿನ ಕಣ್ಣು ನೆನಪಿದೆ ಎನ್ನುವ ಓದುಗರು ಈಗಲೂ ಸಿಗುತ್ತಾರೆ.

ಅಮರ ಚಿತ್ರ ಕಥೆ ಎಂದರೆ ಕಾರ್ಕಳದ ಅನಂತ ಪೈಯವರ ಹೆಸರು ಎಲ್ಲರ ನಾಲಿಗೆಯಲ್ಲಿದೆ, ಇರಬೇಕಾದದ್ದೇ. ಆದರೆ ಆ ಮಾಲಿಕೆಯ ಕೃಷ್ಣನನ್ನೂ ‘ಟಿಂಕಲ್’ನ ಸುಪ್ಪಾಂಡಿಯನ್ನೂ ಕಾಗದಕ್ಕಿಳಿಸಿದ ರಾಮ್ ವಾಯೀರಕರ್ ಯಾರೆಂದು ಕೇಳಿದರೆ ಸುಪ್ಪಾಂಡಿಯ ಅಭಿಮಾನಿಗಳೂ ತಲೆ ಕೆರೆದುಕೊಳ್ಳುತ್ತಾರೆ.

2025ರ ಜೂನ್‌ನಲ್ಲಿ ಮಿಲಾನ್‌ನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿಯ ರೂಪದರ್ಶಿಗಳು ಕೊಲ್ಹಾಪುರಿ ಚಪ್ಪಲಿಯಂಥದ್ದೇ ಚಪ್ಪಲಿ ಮೆಟ್ಟಿ ನಡೆದಾಗ ಈ ಜಿಲ್ಲೆಗೆ ಜಿಲ್ಲೆಯೇ ಸಿಟ್ಟಿಗೆದ್ದಿತು. ಹೆಸರು ಹೇಳದೆ ಹೊತ್ತುಕೊಂಡು ಹೋದರು ಎಂಬುದೇ ಆ ಸಿಟ್ಟು. ಗದ್ದಲವಾದ ಮೇಲೆ ಕಂಪನಿ ಭಾರತದ ಕಸುಬಿನಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿದ್ದು ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಸೇರಿಸಿ. ಗಡಿಯ ಕಸುಬು ಗಡಿಯ ಎರಡೂ ಕಡೆಯದು ಎಂದು ಸರ್ಕಾರಿ ಕಾಗದ ಒಪ್ಪಿದ ಅಪರೂಪದ ಸಂದರ್ಭವದು. ಆ ಸಿಟ್ಟಿನಲ್ಲಿ ನಾವೂ ಪಾಲುದಾರರು. ಆದರೆ ಅದೇ ವಾರ ಇಲ್ಲಿ ಹಂಚಿದ ಕರಪತ್ರಗಳಲ್ಲಿ, ಬಿಡುಗಡೆಯಾದ ಕವನ ಸಂಕಲನಗಳಲ್ಲಿ, ಜಾತ್ರೆಯ ಫ್ಲೆಕ್ಸುಗಳಲ್ಲಿ ಗೂಗಲ್‌ನಿಂದ ಎತ್ತಿದ ಚಿತ್ರಗಳೆಷ್ಟು? ಮಿಲಾನ್ ದೂರ, ಬಯ್ಯುವುದು ಸುಲಭ. ನಮ್ಮೂರಿನ ಮುದ್ರಣಾಲಯಕ್ಕೆ ಹೋಗಿ ಇದನ್ನೇ ಹೇಳುವುದು ಕಷ್ಟ. ಆ ಕಷ್ಟದ ಕೆಲಸಕ್ಕೆ ಈ ಕೂಟ.

ಹೆಸರು ಹಾಕುವುದು ಯಾರೂ ಮಾಡಲಾಗದ ಕೆಲಸವೇನಲ್ಲ. ಮಹಾರಾಷ್ಟ್ರದ ಸರ್ಕಾರಿ ಪಠ್ಯಪುಸ್ತಕ ಸಂಸ್ಥೆ, ಪುಣೆಯ ಬಾಲಭಾರತಿ, ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಪಠ್ಯಪುಸ್ತಕ ಅಚ್ಚು ಮಾಡುತ್ತದೆ, ಅದರ ಮೊದಲ ಪುಟಗಳಲ್ಲಿ ಚಿತ್ರಕಾರರ ಹೆಸರು ಇರುತ್ತದೆ. ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ಜಾಲತಾಣದಲ್ಲಿ ಮಕ್ಕಳ ಪುಸ್ತಕಗಳನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು, ತಮ್ಮ ಭಾಷೆಗೆ ತರಬಹುದು. ಆದರೆ ಬರೆದವರ, ಚಿತ್ರ ತೆಗೆದವರ ಹೆಸರು ಹೇಳಲೇಬೇಕೆಂಬುದು ಅಲ್ಲಿನ ಪರವಾನಗಿಯ ಷರತ್ತು. ಛಂದ ಪುಸ್ತಕ ಪ್ರಕಾಶನದವರು ಹೊಸ ಕಥೆಗಾರರಿಗೆ ಸ್ಪರ್ಧೆ ಇಡುವ ಹಾಗೆಯೇ ಮುಖಪುಟ ಬರೆಯುವವರಿಗೂ ಸ್ಪರ್ಧೆ ಇಟ್ಟರು. ಸರ್ಕಾರಿ ಪಠ್ಯಪುಸ್ತಕಕ್ಕೂ ಪುಕ್ಕಟೆ ಹಂಚುವ ಪುಸ್ತಕಕ್ಕೂ ಸಾಧ್ಯವಾದದ್ದು ಮುನ್ನೂರು ರೂಪಾಯಿಯ ಕಾದಂಬರಿಗೆ ಯಾಕೆ ಆಗುವುದಿಲ್ಲ? ‘ಜಾಗ ಇರಲಿಲ್ರೀ’ ಎನ್ನುವವರ ಪುಸ್ತಕದಲ್ಲಿ ಮುನ್ನುಡಿ, ಬೆನ್ನುಡಿ, ಹಾರೈಕೆಗೆ ಹದಿನಾರು ಪುಟ ಇರುತ್ತದೆ.

ಅದೇ 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕರ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ 50,000 ಪೌಂಡಿನ ಬಹುಮಾನವನ್ನು ಕಥೆಗಾರ್ತಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಸಮಪಾಲು ಮಾಡಿದರು. ಕನ್ನಡಿಗರು ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳಿ ಕುಣಿದಾಡಿದರು. ಮಕ್ಕಳ ಚಿತ್ರಪುಸ್ತಕದಲ್ಲಿ ಅರ್ಧ ಕಥೆ ಹೇಳುವುದೇ ಚಿತ್ರ. ಆದ್ದರಿಂದ ಅಂಥ ಪುಸ್ತಕದ ಗೌರವಧನ ಲೇಖಕರಿಗೂ ಚಿತ್ರಕಾರರಿಗೂ ಸಮಪಾಲಾಗಬೇಕು, ಮುಖಪುಟದ ಮೇಲೆ ಇಬ್ಬರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ ಇರಬೇಕು. ಉಳಿದ ಪುಸ್ತಕಗಳಲ್ಲಿ ಮುಖಪುಟದ ಚಿತ್ರಕಾರರ ಹೆಸರು ಬೆನ್ನಿನ ರಕ್ಷಾಪುಟದಲ್ಲಿ ಬಂದರೂ ಸಾಕು. ನಮ್ಮದು ಅತಿಯಾಸೆಯಲ್ಲ.

ಇನ್ನು ಕಾಯಿದೆಯ ಮಾತು. ಬೇಸರವೆನಿಸಿದರೂ ಇದನ್ನು ದಾಟಿ ಹೋಗಬೇಡಿ, ನಾವು ಕೈ ಸುಟ್ಟುಕೊಳ್ಳುವುದು ಇಲ್ಲೇ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ರೇಖಾಚಿತ್ರವೂ ಕಲಾಕೃತಿಯೇ, ಅದು ಚೆಂದವಿರಬೇಕೆಂಬ ನಿಯಮ ಕೂಡ ಇಲ್ಲ. ಬರೆದವರು ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ ಹಕ್ಕು ಇರುತ್ತದೆ. ಆದರೆ 17ನೇ ಕಲಮಿನೊಳಗೆ ಒಂದು ಮುಳ್ಳಿದೆ. ಯಾರೋ ದುಡ್ಡು ಕೊಟ್ಟು ಪೇಂಟಿಂಗನ್ನೋ ಭಾವಚಿತ್ರವನ್ನೋ ಬರೆಯಿಸಿಕೊಂಡರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ ಮೊದಲ ಒಡೆತನ ಬರೆಯಿಸಿಕೊಂಡವರದು. ನಮ್ಮ ಬಹುಪಾಲು ಕೆಲಸ ನಡೆಯುವುದು ಫೋನಿನಲ್ಲಿ, ‘ಒಂದು ಸಣ್ಣ ಚಿತ್ರ ತೆಗೆದು ಕೊಡ್ರಿ’ ಎಂಬ ಮಾತಿನ ಮೇಲೆ. ಆ ಸಣ್ಣ ಚಿತ್ರ ಆಮೇಲೆ ಚೀಲದ ಮೇಲೆ, ಕ್ಯಾಲೆಂಡರಿನ ಮೇಲೆ, ಅಂಗಡಿಯ ಷಟರಿನ ಮೇಲೆ ಬಂದಾಗ ಕೇಳಲು ಕೈಯಲ್ಲಿ ಕಾಗದ ಇರುವುದಿಲ್ಲ. 19ನೇ ಕಲಮು ನಮ್ಮ ಪರ ಇದೆ: ಹಕ್ಕು ಬಿಟ್ಟುಕೊಡುವುದಾದರೆ ಬರಹದಲ್ಲಿ, ಸಹಿ ಸಮೇತ ಆಗಬೇಕು, ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದು, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತದೊಳಗೆ ಎಂದು ಅರ್ಥ. ಹಕ್ಕನ್ನೇ ಮಾರಿದ ಮೇಲೂ ಇದು ನನ್ನದು ಎಂದು ಹೇಳಿಕೊಳ್ಳುವ ಹಕ್ಕು 57ನೇ ಕಲಮಿನಲ್ಲಿ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದ ಗೋಡೆಯಿಂದ ತನ್ನ ಭಿತ್ತಿಶಿಲ್ಪವನ್ನು ಕಿತ್ತು ಗೋದಾಮಿಗೆ ಹಾಕಿದ ಸರ್ಕಾರದ ವಿರುದ್ಧ ಶಿಲ್ಪಿ ಅಮರನಾಥ ಸೆಹಗಲ್ 2005ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆದ್ದದ್ದು ಇದೇ ಕಲಮಿನ ಮೇಲೆ.

ಮಗ್ಗದ ಗ್ರಾಫ್ ಹಾಕುವ ಗೆಳೆಯರೇ, ನಿಮ್ಮ ದಾರಿ ಬೇರೆ. ಡಿಸೈನ್ ಕಾಯಿದೆಯಡಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ, ನಿಮ್ಮ ಒಪ್ಪಿಗೆಯಲ್ಲೇ ಯಂತ್ರದ ಮೇಲೆ 50ಕ್ಕಿಂತ ಹೆಚ್ಚು ಪ್ರತಿ ತೆಗೆದರೆ ಅದರ ಕೃತಿಸ್ವಾಮ್ಯ ಅಲ್ಲಿಗೆ ಮುಗಿಯಿತು. ಸೋಫಾ ಬಟ್ಟೆಯ ವಿನ್ಯಾಸದ ಒಂದು ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2009ರಲ್ಲಿ ಹಾಗೆಯೇ ತೀರ್ಪು ಕೊಟ್ಟಿದೆ. 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ಪವರ್‌ಲೂಮ್ ತಂದ ಇಚಲಕರಂಜಿಯಲ್ಲಿ ಐವತ್ತು ಪ್ರತಿ ಎಂದರೆ ಒಂದು ಪಾಳಿಯ ಮಾತು. ಬೆಳಿಗ್ಗೆ ಬೀಮ್ ಏರಿದ ಅಂಚು ಸಂಜೆಗೆ ಪಕ್ಕದ ಶೆಡ್ಡಿನಲ್ಲಿ ಓಡುತ್ತಿದ್ದರೆ ಅಚ್ಚರಿಪಡಬೇಡಿ. ಮೊದಲು ನೋಂದಣಿ, ಆಮೇಲೆ ಸ್ಯಾಂಪಲ್. ಈ ಅರ್ಜಿ ತುಂಬುವ ಕೆಲಸ ಕೂಟ ಮಾಡಿಕೊಡುತ್ತದೆ.

ದುಡ್ಡಿನ ವಿಷಯ ಚುಟುಕಾಗಿ: ಅರ್ಧ ಮುಂಗಡ, ಎರಡು ಕರೆಕ್ಷನ್, ಮೂರನೆಯದಕ್ಕೆ ಬೇರೆ ಬಿಲ್ಲು. ‘ನಿಮಗೆ ಪ್ರಚಾರ ಸಿಗತದ’ ಎನ್ನುವವರಿಗೆ ನಮಸ್ಕಾರ ಹೇಳಿ ಫೋನ್ ಇಡುವುದು. ಬಾಕಿ ಉಳಿಸುವವರ ಮಟ್ಟಿಗೆ ನಾವು ಮಗ್ಗದ ಮಾಲೀಕರಿಂದ ಕಲಿಯಬೇಕು. ಅವರು ಉದ್ಯಮ ನೋಂದಣಿ ಮಾಡಿಸಿರುತ್ತಾರೆ. ಒಂಟಿಯಾಗಿ ಕೂತು ಚಿತ್ರ ತೆಗೆಯುವವರೂ ಸೇವೆ ಕೊಡುವ ಕಿರು ಉದ್ಯಮವೇ, ನಾವೂ ಮಾಡಿಸಬಹುದು. 2006ರ ಸಣ್ಣ ಉದ್ಯಮಗಳ ಕಾಯಿದೆಯ ಪ್ರಕಾರ ಅಂಥವರಿಗೆ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆ ಬಡ್ಡಿಯ ಸಾಲನ್ನು ಬಿಲ್ಲಿನ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿಸಿ. ವಸೂಲಿಯ ಅರ್ಧ ಕೆಲಸ ಅದೇ ಮಾಡುತ್ತದೆ.

ಯಂತ್ರ (ಎಐ) ಬರೆಯುವ ಚಿತ್ರದ ಬಗ್ಗೆ ನಿಮ್ಮ ನಿಲುವೇನು ಎಂದು ಎಲ್ಲರೂ ಕೇಳುತ್ತಾರೆ. 2025ರ ಮಾರ್ಚಿನಲ್ಲಿ ಜಗತ್ತೆಲ್ಲ ತನ್ನ ಕುಟುಂಬದ ಫೋಟೊವನ್ನು ಜಪಾನಿನ ಘಿಬ್ಲಿ ಸ್ಟುಡಿಯೊದ ಶೈಲಿಗೆ ತಿರುಗಿಸಿಕೊಂಡು ಖುಷಿಪಟ್ಟಿತು, ನಮ್ಮ ಓಣಿಯ ವಾಟ್ಸಾಪ್ ಗುಂಪೂ ಹಿಂದೆ ಬೀಳಲಿಲ್ಲ. ಅದನ್ನು ನಿಲ್ಲಿಸುವ ತಾಕತ್ತು ನಮಗಿಲ್ಲ, ಹಟವೂ ಇಲ್ಲ; ಫ್ಲೆಕ್ಸ್ ಬಂದಾಗ ಬೋರ್ಡಿನವರು ಪಟ್ಟ ಪಾಡು ಕಣ್ಣಾರೆ ಕಂಡವರು ನಾವು. ನಮ್ಮ ಬೇಡಿಕೆ ಎರಡು ಮಾತ್ರ. ಯಂತ್ರದಿಂದ ತೆಗೆಸಿದ ಚಿತ್ರವಾದರೆ ಹಾಗೆಂದು ಚಿತ್ರದ ಕೆಳಗೆ ಬರೆಯಿರಿ. ನಮ್ಮ ಕಡೆಯಿಂದ ರಫ್ ತರಿಸಿಕೊಂಡು ಅದನ್ನು ಯಂತ್ರಕ್ಕೆ ಉಣಿಸಿ, ‘ಬೇಡ್ರಿ, ಆತು’ ಎನ್ನಬೇಡಿ.

ಅಕ್ಷರದ ಬಗ್ಗೆ ಬೇರೆ ಹೇಳಲೇಬೇಕು, ಇದು ಗಡಿಯವರ ಸ್ವಂತ ಸಂಕಟ. ಕನ್ನಡ ಫಾಂಟ್ ಸರಿಯಾಗಿ ಕೂರದ ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಕ್ಷರ ಬಿಟ್ಟುಬಂದು ಪಕ್ಕದಲ್ಲಿ ಕೂತಿರುತ್ತದೆ, ಅರ್ಕಾವೊತ್ತು ಎಲ್ಲೋ ಹಾರಿಹೋಗಿರುತ್ತದೆ. ದೇವನಾಗರಿಯ ತಲೆಗೆರೆ ಮತ್ತು ಕನ್ನಡದ ತಲೆಕಟ್ಟನ್ನು ಒಂದೇ ಹಲಗೆಯ ಮೇಲೆ, ಒಂದೇ ತೂಕದಲ್ಲಿ ಕೂರಿಸಬಲ್ಲ ಕೈಗಳು ಇನ್ನೂ ನಮ್ಮ ನಡುವೆ ಇವೆ. ಬ್ರಷ್ ತೊಳೆದಿಟ್ಟ ಆ ಹಿರಿಯರನ್ನು ಕೂರಿಸಿ, ಅವರ ಅಕ್ಷರಗಳನ್ನು ಕಾಗದದ ಮೇಲೆ ಬರೆಯಿಸಿ, ಸ್ಕ್ಯಾನ್ ಮಾಡಿ, ಎರಡು ಲಿಪಿಯ ಜೋಡಿ ಫಾಂಟ್ ಮಾಡುವುದು ಈ ಕೂಟದ ಮೊದಲ ದೊಡ್ಡ ಕೆಲಸ. ಫಾಂಟನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಅದಕ್ಕೆ ಆ ಹಿರಿಯರ ಹೆಸರೇ ಇಡುತ್ತೇವೆ.

ಕೂಟಕ್ಕೆ ಸೇರಲು ಚಂದಾ ಇಲ್ಲ. ಎರಡು ಷರತ್ತುಗಳಿವೆ. ನಿಮ್ಮ ಹೊಸ ಕೆಲಸ ಎಷ್ಟೇ ಚಿಕ್ಕದಿರಲಿ, ಅದಕ್ಕೊಂದು ಪುಟದ ಒಪ್ಪಂದ ಇರಬೇಕು. ಕನ್ನಡ, ಮರಾಠಿ ಎರಡರಲ್ಲೂ ಮಾದರಿ ನಮ್ಮಲ್ಲಿದೆ, ಹೆಸರು ಮತ್ತು ಮೊತ್ತ ತುಂಬಿದರೆ ಸಾಕು. ಇನ್ನೊಂದು, ಸದಸ್ಯರು ಬೇರೆಯವರ ಗೆರೆಯನ್ನು ಟ್ರೇಸ್ ಮಾಡಿ ತಮ್ಮದೆನ್ನುವಂತಿಲ್ಲ. ರೆಫರೆನ್ಸ್ ಬಳಸಿದರೆ ಯಾರದೆಂದು ಹೇಳಬೇಕು. ಈ ದೀಪಾವಳಿ ವಿಶೇಷಾಂಕಗಳು ಬಂದ ಮೇಲೆ ಕನ್ನಡ, ಮರಾಠಿ ಎರಡೂ ಕಡೆಯ ಸಂಚಿಕೆಗಳನ್ನು ತಂದು ಪುಟ ಪುಟ ತಿರುವುತ್ತೇವೆ. ಚಿತ್ರಕಾರರ ಹೆಸರು ಹಾಕಿದ ಸಂಪಾದಕರಿಗೆ ಧನ್ಯವಾದದ ಕಾರ್ಡು, ಹಾಕದವರಿಗೆ ಅವರದೇ ಸಂಚಿಕೆಯ ಪುಟಸಂಖ್ಯೆಗಳೊಂದಿಗೆ ಒಂದು ಪತ್ರ. ಕಾರ್ಡಿನ ಚಿತ್ರ ಯಾರು ತೆಗೆಯಬೇಕೆಂದು ಬರುವ ರವಿವಾರ ಚೀಟಿ ಎತ್ತುತ್ತೇವೆ.