ಕೊಬ್ಬರಿಯ ಸೀಮೆಯಲ್ಲಿ ಕ್ವಾಂಟಂ ಪ್ರಯೋಗಶಾಲೆ

ಗ್ರಾಮಾಂತರ ವಿದ್ಯಾಸಂಸ್ಥೆಗಳಲ್ಲಿ ವಿಜ್ಞಾನ ಬೋಧನೆ ಹಿಂದುಳಿಯಲು ಉಪಕರಣಗಳ ಅಭಾವವೇ ಮುಖ್ಯ ಕಾರಣವೆಂಬ ಮಾತು ಬಹುಕಾಲದಿಂದ ಕೇಳಿಬರುತ್ತಿದೆ. ರಸಾಯನಶಾಸ್ತ್ರದ ಮಟ್ಟಿಗೆ ಈ ಮಾತು ಇಂದಿಗೂ ಸುಳ್ಳಲ್ಲ. ಆದರೆ ಭೌತಶಾಸ್ತ್ರದ ಅತ್ಯಂತ ಗಹನವಾದ ಭಾಗವೆನಿಸಿದ ಕ್ವಾಂಟಂ ಸಿದ್ಧಾಂತದ ವಿಷಯದಲ್ಲಿ ಪರಿಸ್ಥಿತಿ ಸದ್ದಿಲ್ಲದೆ ತಲೆಕೆಳಗಾಗಿದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಶಾಲೆಯೊಂದರ ಸಾಧಾರಣ ಗಣಕಯಂತ್ರವೇ ಇಂದು ಅದಕ್ಕೆ ಪ್ರಯೋಗಶಾಲೆಯಾಗಬಲ್ಲದು.

ಪರಮಾಣು, ಎಲೆಕ್ಟ್ರಾನ್ ಮೊದಲಾದ ಸೂಕ್ಷ್ಮ ವ್ಯವಸ್ಥೆಗಳ ವರ್ತನೆಯನ್ನು ಗಣಿತದ ಮೂಲಕ ಅನುಕರಿಸಿ ತೋರಿಸುವ ತಂತ್ರಾಂಶಗಳು ಹಲವಿವೆ. ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು 2012ರ ಸುಮಾರಿಗೆ ವಿದ್ವತ್ ಲೋಕಕ್ಕೆ ಪರಿಚಿತವಾದ ‘ಕ್ಯೂಟಿಪ್’ ಹಾಗೂ ಐ.ಬಿ.ಎಂ. ಸಂಸ್ಥೆ 2017ರಲ್ಲಿ ಬಿಡುಗಡೆ ಮಾಡಿದ ‘ಕಿಸ್ಕಿಟ್’ ಅವುಗಳಲ್ಲಿ ಪ್ರಸಿದ್ಧವಾದುವು. ಇವುಗಳಿಗೆ ಬೆಲೆಯಿಲ್ಲವೆಂಬುದು ಸಣ್ಣ ಸಂಗತಿ. ಇವುಗಳ ಒಳಗಿನ ಬರಹವೆಲ್ಲವೂ ತೆರೆದಿದ್ದು, ಯಾರು ಬೇಕಾದರೂ ಅದನ್ನು ಓದಬಹುದು, ತಿದ್ದಬಹುದು, ಹಂಚಬಹುದು ಎಂಬುದೇ ದೊಡ್ಡ ಸಂಗತಿ.

ಈ ಸ್ವಾತಂತ್ರ್ಯದ ಫಲ ಕರ್ನಾಟಕದಲ್ಲಿಯೇ ಕಂಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಪೂರ್ವ ಪಟೇಲ್ ಹಾಗೂ ಅವರ ತರುಣ ಸಹೋದ್ಯೋಗಿಗಳು 2019ರಲ್ಲಿ ಕಿಸ್ಕಿಟ್ಟನ್ನೇ ಆಧಾರವಾಗಿಟ್ಟುಕೊಂಡು, ನಿಜವಾದ ಯಂತ್ರಗಳಲ್ಲಿ ತಲೆದೋರುವ ದೋಷಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಹೊಸ ಅಂಗವೊಂದನ್ನು ರಚಿಸಿ, ಅದನ್ನು ಮತ್ತೆ ಸರ್ವರ ಉಪಯೋಗಕ್ಕೆ ತೆರೆದಿಟ್ಟರು. ಇದೇ ಸಂಸ್ಥೆ, ರೂರ್ಕಿಯ ಐ.ಐ.ಟಿ. ಮತ್ತು ಸಿ-ಡ್ಯಾಕ್ ಒಡಗೂಡಿ ನಿರ್ಮಿಸಿದ ‘ಕ್ಯೂಸಿಮ್’ ಎಂಬ ಅನುಕರಣ ಸಾಧನವನ್ನು ಕೇಂದ್ರ ಸರ್ಕಾರ 2021ರ ಆಗಸ್ಟಿನಲ್ಲಿ ಬಿಡುಗಡೆ ಮಾಡಿತು. ಪಡೆದುದನ್ನು ಹೆಚ್ಚಿಸಿ ಮರಳಿ ಎಲ್ಲರಿಗೂ ನೀಡುವ ಈ ಪದ್ಧತಿಯನ್ನು ದಾಸೋಹವನ್ನು ಬಲ್ಲ ಮಠದ ಶಾಲೆಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದರಿಂದ ವಿದ್ಯಾರ್ಥಿಗೆ ದೊರೆಯುವುದೇನು? ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಯೊಳಗೆ ಉಂಡೆ ಕೊಬ್ಬರಿ ಒಳ್ಳೆಯದಿದೆಯೋ ಕೆಟ್ಟಿದೆಯೋ ಎಂಬುದು ಒಡೆದಾಗಲೇ ನಿಶ್ಚಯವಾಗುತ್ತದೆ. ಕ್ವಾಂಟಂ ಸ್ಥಿತಿಯನ್ನು ವಿವರಿಸಲು ಈ ಉಪಮೆಯನ್ನು ಬಳಸಬೇಕೆಂಬ ಆಸೆ ಈ ಸೀಮೆಯ ಯಾವ ಉಪಾಧ್ಯಾಯರಿಗೂ ಸಹಜ. ಉಪಮೆ ಸೊಗಸಾದುದೇ, ಆದರೆ ತಪ್ಪು. ಕೊಬ್ಬರಿ ಒಡೆಯುವ ಮುನ್ನವೇ ಒಳ್ಳೆಯದೋ ಕೆಟ್ಟದ್ದೋ ಆಗಿರುತ್ತದೆ. ತಿಳಿಯದಿರುವುದು ರೈತನಿಗೆ ಮಾತ್ರ. ಕ್ವಾಂಟಂ ವಸ್ತುವಿನ ಅನಿಶ್ಚಿತತೆ ಆ ಬಗೆಯದಲ್ಲ. ಇದನ್ನು ಮಾತಿನಿಂದ ಮನಗಾಣಿಸುವುದು ಕಷ್ಟ. ಹತ್ತು ಹದಿನೈದು ಸಾಲುಗಳ ಕ್ರಮವಿಧಿಯಿಂದ ಸುಲಭ. ಸೊನ್ನೆಯ ಸ್ಥಿತಿಯಲ್ಲಿರುವ ಒಂದು ‘ಕ್ಯೂಬಿಟ್’ ಮೇಲೆ ಹ್ಯಾಡಮಾರ್ಡ್ ಎಂಬ ಕ್ರಿಯೆಯನ್ನು ನಡೆಸಿ 1,024 ಬಾರಿ ಅಳೆದರೆ, ಹೆಚ್ಚುಕಡಮೆ ಅರ್ಧ ಸಲ ಸೊನ್ನೆ, ಅರ್ಧ ಸಲ ಒಂದು ಬರುತ್ತದೆ. ನಾಣ್ಯ ಚಿಮ್ಮಿದಂತೆಯೇ. ನಡುವೆ ಅಳೆಯದೆ ಅದೇ ಕ್ರಿಯೆಯನ್ನು ಎರಡು ಬಾರಿ ನಡೆಸಿದರೆ, 1,024 ಸಲವೂ ಸೊನ್ನೆಯೇ! ನಡುವೆ ಒಮ್ಮೆ ಅಳೆದುಬಿಟ್ಟರೆ ಮತ್ತೆ ಅರ್ಧ, ಅರ್ಧ. ಎರಡು ಬಾರಿ ಚಿಮ್ಮಿದ ಯಾವ ನಾಣ್ಯವೂ ಹೀಗೆ ತಪ್ಪದೆ ಮೊದಲಿನ ಮುಖಕ್ಕೆ ಮರಳುವುದಿಲ್ಲ. ಇದನ್ನು ಸ್ವತಃ ಮಾಡಿ ನೋಡಿದ ಬಾಲಕ ಅಥವಾ ಬಾಲಕಿ ಒಡೆಯದ ಕಾಯಿಯ ಉಪಮೆಯನ್ನು ತಾನೇ ಕೈಬಿಡುತ್ತಾನೆ, ಕೈಬಿಡುತ್ತಾಳೆ.

ಅನುಕರಣೆಗೂ ಮಿತಿಯುಂಟು. ಒಂದೊಂದು ಕ್ಯೂಬಿಟ್ ಹೆಚ್ಚಿದಂತೆ ನೆನಪಿನಲ್ಲಿಡಬೇಕಾದ ಸಂಖ್ಯೆಗಳು ಇಮ್ಮಡಿಯಾಗುತ್ತವೆ. 25 ಕ್ಯೂಬಿಟ್‌ಗಳಿಗೆ 512 ಮೆಗಾಬೈಟ್ ಸಾಕು. 30ಕ್ಕೆ 16 ಗಿಗಾಬೈಟ್ ಬೇಕು. 50ಕ್ಕೆ ಒಂದು ಕೋಟಿ ಗಿಗಾಬೈಟಿಗೂ ಮಿಕ್ಕು. ನಿಜವಾದ ಕ್ವಾಂಟಂ ಗಣಕಕ್ಕಾಗಿ ಜಗತ್ತು ಏಕೆ ಹಂಬಲಿಸುತ್ತಿದೆ, 2023ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ವಾಂಟಂ ಅಭಿಯಾನಕ್ಕೆ 6,003.65 ಕೋಟಿ ರೂಪಾಯಿಗಳನ್ನು ಏಕೆ ಮಂಜೂರು ಮಾಡಿತು ಎಂಬುದಕ್ಕೆ ಈ ಲೆಕ್ಕಕ್ಕಿಂತ ಸರಳವಾದ ಉತ್ತರ ಬೇರೆ ಸಿಗದು.

ಕೊಬ್ಬರಿಯ ಧಾರಣೆ ಕುಸಿದ ವರ್ಷ ಮಕ್ಕಳ ಶುಲ್ಕಕ್ಕೇ ತೊಡಕಾಗುವ ನಾಡಿನಲ್ಲಿ ಇದೆಲ್ಲ ಅಗತ್ಯವೇ ಎಂದು ಹಿರಿಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಬಡ ಮನೆಯ ಮಗುವಿಗೆ ಖರ್ಚಿಲ್ಲದೆ ತೆರೆದಿರುವ ಬಾಗಿಲುಗಳು ಕೆಲವೇ, ಇದು ಅವುಗಳಲ್ಲೊಂದು. ಆ ಬಾಗಿಲಿಗೆ ಅಡ್ಡವಾಗಿರುವುದು ಹಣವಲ್ಲ, ಭಾಷೆ. ಈ ತಂತ್ರಾಂಶಗಳ ವಿವರಣ ಸಾಹಿತ್ಯ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು, ಪದವಿಪೂರ್ವ ವಿಜ್ಞಾನ ತರಗತಿಯಲ್ಲಿ ಏಕಾಏಕಿ ಇಂಗ್ಲಿಷನ್ನು ಎದುರಿಸುವ ಮಗು ಅಲ್ಲಿಯೇ ನಿಂತುಬಿಡುತ್ತದೆ.

ಆದುದರಿಂದ ದಾನಿಗಳು ಮತ್ತೊಂದು ಗಣಕ ಕೊಠಡಿಗೂ, ಅದರ ಬಾಗಿಲ ಮೇಲಿನ ಅಮೃತಶಿಲೆಯ ಫಲಕಕ್ಕೂ ಹಣ ನೀಡುವ ಮುನ್ನ ಒಂದಿಷ್ಟು ಯೋಚಿಸುವುದು ಒಳಿತು. ಕಲಿಸುವವರಿಲ್ಲದೆ ಬೀಗ ಬಿದ್ದ ಕೊಠಡಿಯಿಂದ ಯಾರಿಗೂ ಪ್ರಯೋಜನವಿಲ್ಲ. ಭೌತಶಾಸ್ತ್ರದ ಉಪಾಧ್ಯಾಯರೊಬ್ಬರಿಗೆ ಬೇಸಿಗೆಯ ರಜೆಯಲ್ಲಿ ಇದನ್ನು ಕಲಿತು ಕನ್ನಡದಲ್ಲಿ ನೂರು ಪುಟಗಳ ಪ್ರಯೋಗ ಕೈಪಿಡಿ ಬರೆಯಲು ಗೌರವಧನ, ಜೊತೆಗೆ ಅದರ ಮುದ್ರಣದ ವೆಚ್ಚ: ಇವೆರಡೂ ಸೇರಿದರೂ ಒಂದು ಕಟ್ಟಡದ ತಳಪಾಯದ ಖರ್ಚನ್ನು ಮುಟ್ಟಲಾರವು. ಆ ಕೈಪಿಡಿಗೂ ಹಕ್ಕುಸ್ವಾಮ್ಯದ ಬೇಲಿ ಹಾಕದೆ ತಂತ್ರಾಂಶದಂತೆಯೇ ಮುಕ್ತವಾಗಿ ಬಿಡಬೇಕು. ಆಗ ತಿಪಟೂರಿನಲ್ಲಿ ಬರೆದುದನ್ನು ತುರುವೇಕೆರೆಯ ಉಪಾಧ್ಯಾಯರು ತಿದ್ದಬಹುದು, ಚಿಕ್ಕನಾಯಕನಹಳ್ಳಿಯವರು ಅದಕ್ಕೆ ಹೊಸ ಪ್ರಯೋಗಗಳನ್ನು ಸೇರಿಸಬಹುದು.