ಜಮಖಾನಿ ಮುಂದ, ಕುರ್ಚಿ ಹಿಂದ, ಬುತ್ತಿಗೊಂದು ಟೇಬಲ್

ದೀಪಾವಳಿ ಮುಗೀತಂದ್ರ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಬಯಲಾಗ ಹಾಡಿನ ಕಾರ್ಯಕ್ರಮ ಶುರು ಆಗತಾವ. ಮಳಿ ಹಿಂದಾಗಿರತದ, ಥಂಡಿ ಇನ್ನೂ ಭಾಳ ಬಿದ್ದಿರೂದಿಲ್ಲ. ಸಾಲಿ ಮೈದಾನ, ಗುಡಿ ಅಂಗಳ, ಕಾಲನಿ ಪಾರ್ಕು, ಎಲ್ಲೆರ ಒಂದು ಕಡೆ ವೇದಿಕಿ ಕಟ್ಟಿ, ಎರಡು ತಂಬೂರಿ ಇಟ್ಟು, ಸಂಜಿ ಆರಕ್ಕ ಅಂತ ಹೇಳಿ ಏಳಕ್ಕ ಶುರು ಮಾಡತಾರ. ಕೇಳಲಿಕ್ಕೆ ಹೆಣ್ಮಕ್ಕಳೇನು ಕಡಿಮಿ ಬರೂದಿಲ್ಲ. ಆದರ ಕಡೀಕ ಭೈರವಿ ಹಾಡೂ ಹೊತ್ತಿಗೆ ಒಮ್ಮೆ ತಿರಿಗಿ ನೋಡ್ರಿ, ನಾವು ಕೂತ ಜಮಖಾನಿ ಅರ್ಧಾ ಖಾಲಿ ಇರತದ.

ಇದಕ್ಕ ಗಂಡಸರು ಏನಂತಾರ ಗೊತ್ತದ ಏನು? "ಹೆಣ್ಮಕ್ಕಳಿಗೆ ಶಾಸ್ತ್ರೀಯ ಸಂಗೀತದಾಗ ಅಷ್ಟು ಲಕ್ಷ್ಯ ಇರೂದಿಲ್ಲ, ದಾಸರ ಪದಾ ಆದ್ರ ಕೂಡ್ರತಾರ." ನನಗ ಈ ಮಾತು ಒಪ್ಪಿಗಿ ಇಲ್ಲ. ನಾವು ಎದ್ದು ಹೋಗೂದು ರಾಗ ತಿಳೀಲಾರದ್ದಕ್ಕಲ್ಲ. ಒಂದು, ಮೊಣಕಾಲು ಸೋಲತಾವ. ಎರಡು, ಮನ್ಯಾಗ ರಾತ್ರಿ ಅಡಗಿ ಆಗಬೇಕಾಗಿರತದ. ಈ ಎರಡಕ್ಕೂ ಔಷಧ ಪೆಂಡಾಲದವರ ಗೋದಾಮದಾಗ ಬಾಡಿಗಿಗೆ ಸಿಗತದ: ಕೈ ಇರೂ ಕುರ್ಚಿ, ಮತ್ತ ಮಡಚೂ ಟೇಬಲ್. ಅವನ್ನ ತರಸ್ರಿ, ಸರಿಯಾದ ಜಾಗಾದಾಗ ಇಡಸ್ರಿ ಅಂತ ಹೇಳಲಿಕ್ಕೇ ಇವತ್ತ ಬರೀಲಿಕ್ಕೆ ಕೂತೀನಿ.

ನಮ್ಮ ಸೀಮಿ ಹಾಡಿನ ಸೀಮಿ ಅಂತ ನಾವೆಲ್ಲಾ ಅಭಿಮಾನದಿಂದ ಹೇಳತೇವಿ. ಸವಾಯಿ ಗಂಧರ್ವರು ಕುಂದಗೋಳದವರು, ಭೀಮಸೇನ ಜೋಶಿಯವರು ಗದಗಿನವರು, ಮಲ್ಲಿಕಾರ್ಜುನ ಮನಸೂರರು ಧಾರವಾಡದ ಮಗ್ಗಲದ ಹಳ್ಳಿಯವರು. ಗಂಗೂಬಾಯಿ ಹಾನಗಲ್ಲರು 1913ರಾಗ ಧಾರವಾಡದಾಗ ಹುಟ್ಟಿದವರು. ಸವಾಯಿ ಗಂಧರ್ವರ ಕಡೆ ಕಲೀಲಿಕ್ಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕ ರೈಲಿನ್ಯಾಗ ಹೋಗಿ ಬರತಿದ್ರು. ಆ ಕಾಲದಾಗ ಒಬ್ಬ ಹೆಣ್ಮಗಳು ರೈಲು ಹತ್ತಿ ಹೋಗಿ ಹಾಡು ಕಲ್ತಳು. ಈ ಕಾಲದಾಗ ನಮಗ ನಮ್ಮ ಓಣಿ ಬಯಲಾಗ ಕಡೀತನಕ ಕೂತು ಹಾಡು ಕೇಳಲಿಕ್ಕೆ ಆಗೂದಿಲ್ಲ ಅಂದ್ರ ಅದು ನಮ್ಮ ಅಭಿರುಚಿ ಪ್ರಶ್ನೆ ಅಲ್ಲ, ವ್ಯವಸ್ಥಾ ಪ್ರಶ್ನೆ.

ಈಗಿನ ವ್ಯವಸ್ಥಾ ಹೆಂಗಿರತದ ನೋಡ್ರಿ. ವೇದಿಕಿ ಎದುರಿಗೆ ಒಂದು ಸಾಲು ಸೋಫಾ, ಅದು ಮುಖ್ಯ ಅತಿಥಿಗಳಿಗೆ. ಅದರ ಹಿಂದ ನಾಕು ಸಾಲು ಕುರ್ಚಿ, ಅಲ್ಲೆ ಪಟ್ಟಿ ಕೊಟ್ಟವರು, ಪರಿಚಯದವರು. ಅದರ ಹಿಂದ ಜಮಖಾನಿ, ಅದು ಹೆಣ್ಮಕ್ಕಳಿಗೆ ಮತ್ತ ಹುಡುಗರಿಗೆ. ಹಾಡಾವರು ವೇದಿಕಿ ಮ್ಯಾಲೆ ನೆಲಕ್ಕ ಕೂತು ಹಾಡತಾರ. ಮುಂದ ಕುರ್ಚಿ ಹಾಕಿದ ಮ್ಯಾಲೆ ಹಿಂದ ನೆಲದ ಮ್ಯಾಲೆ ಕೂತವರಿಗೆ ಏನು ಕಾಣತದ ಹೇಳ್ರಿ? ಮುಂದಿನವರ ಬೆನ್ನು, ಬೋಳುತಲಿ, ಅಷ್ಟ. ತಬಲಾದವರು ಹೆಂಗ ಹಾಡಾವರ ಮುಖಾ ನೋಡಿಕೋತ ಸಮ್ ಹಿಡೀತಾರ, ಹಾಡಾವರು ಕೈಯಿಂದ ಸ್ವರಾ ಹೆಂಗ ಎಳೀತಾರ, ಇದೆಲ್ಲಾ ನಮಗ ಕಾಣೂದೇ ಇಲ್ಲ. ಸತ್ಕಾರ, ಶಾಲು, ಹಾರ, ಭಾಷಣ ಮುಗಿದ ಕೂಡಲೇ ಅತಿಥಿಗಳು ಎದ್ದು ಹೋಗತಾರ. ಸೋಫಾ ಖಾಲಿ. ಆದರ "ಅಕ್ಕಾ, ಮುಂದ ಬಂದು ಕೂಡ್ರ್ರಿ" ಅಂತ ಯಾರೂ ಕರಿಯೂದಿಲ್ಲ, ನಾವೂ ಸಂಕೋಚ ಮಾಡಿಕೊಂಡು ಹೋಗೂದಿಲ್ಲ.

ನಂದು ಹೇಳೂದು ಇಷ್ಟ: ಜಮಖಾನಿ ಮುಂದ ಹಾಸ್ರಿ, ಕುರ್ಚಿ ಹಿಂದ ಮತ್ತ ಎರಡೂ ಮಗ್ಗಲಿಗೆ ಹಾಕ್ರಿ. ನೆಲದ ಮ್ಯಾಲೆ ಕೂಡ್ರಾವರು ಹರೇದವರು, ಹುಡುಗರು, ಸಂಗೀತ ಕಲಿಯಾವರು ಮುಂದ ಇರಲಿ. ಅವರ ತಲಿ ಮ್ಯಾಲಿಂದ ಕುರ್ಚಿಯವರಿಗೆ ವೇದಿಕಿ ಆರಾಮ ಕಾಣತದ. ಯಾರಿಗೂ ಯಾರೂ ಅಡ್ಡ ಆಗೂದಿಲ್ಲ. ಇದಕ್ಕ ಒಂದು ಪೈಸಾ ಹೆಚ್ಚಿಗೆ ಬೀಳೂದಿಲ್ಲ.

"ಬೈಠಕ್ ಅಂದ್ರ ನೆಲದ ಮ್ಯಾಲೇ ಕೂತು ಕೇಳಬೇಕು, ಕುರ್ಚಿ ಹಾಕಿದ್ರ ಹಾಡಿನ ಮರ್ಯಾದಿ ಹೋಗತದ" ಅನ್ನಾವರು ಇದ್ದಾರ. ಅವರ ಮಾತಿನ್ಯಾಗ ಸ್ವಲ್ಪ ಖರೇನೂ ಅದ. ಕುಂದಗೋಳದ ನಾಡಿಗೇರ ವಾಡೇದಾಗ ಸವಾಯಿ ಗಂಧರ್ವರ ನೆನಪಿನ್ಯಾಗ ರಾತ್ರಿಯೆಲ್ಲಾ ನಡಿಯೂ ಹಾಡಿಕಿ, ಹಾಡಾವರಿಗೂ ಕೇಳಾವರಿಗೂ ನಾಕು ಮಾರು ಅಂತರ, ಅದರ ಸುಖಾನೇ ಬ್ಯಾರೆ. ನಮ್ಮ ನವಲಗುಂದದ ಜಮಖಾನಿ ಮ್ಯಾಲೆ ಗ್ವಾಡಿಗೆ ಒರಗಿಕೊಂಡು ಕೂಡೂ ಸುಖಾ ಪ್ಲಾಸ್ಟಿಕ್ ಕುರ್ಚ್ಯಾಗ ಎಲ್ಲೆದ? ಆದರ ಬಯಲಾಗ ಒರಗಲಿಕ್ಕೆ ಗ್ವಾಡಿ ಇರೂದಿಲ್ಲ. ಐವತ್ತು ದಾಟಿದವರಿಗೆ ನಾಕು ತಾಸು ಬೆನ್ನಿಗೆ ಆಸರಾ ಇಲ್ಲದ ಕೂಡೂದು ಅಂದ್ರ ಶಿಕ್ಷಾ. ಭೀಮಸೇನ ಜೋಶಿಯವರು ತಮ್ಮ ಗುರುಗಳ ನೆನಪಿಗೆ 1953ರಿಂದ ಪುಣೇದಾಗ ನಡಸಿಕೊಂಡು ಬಂದ ಉತ್ಸವದಾಗೂ ಭಾರತೀಯ ಬೈಠಕಿನ ತಿಕೀಟು ಬ್ಯಾರೆ, ಕುರ್ಚಿ ತಿಕೀಟು ಬ್ಯಾರೆ ಇರತಾವ. ಅಷ್ಟು ದೊಡ್ಡ ಜಾಗಾದಾಗೇ ಎರಡೂ ನಡೀತದ ಅಂದಮ್ಯಾಲೆ ನಮ್ಮ ಕಾಲನಿ ಪಾರ್ಕಿನ್ಯಾಗ ಮರ್ಯಾದಿ ಎಲ್ಲೆ ಹೋಗತದ?

ಮಕ್ಕಳ ಮನಿಗೆ ಅಮೆರಿಕಾಕ್ಕ ಹೋಗಿ ಬಂದವರು ನಮ್ಮೊಳಗ ಭಾಳ ಮಂದಿ ಇದ್ದೀರಿ. ಚಿಕಾಗೋದ ಹತ್ತಿರ ರವಿನಿಯಾ ಅಂತ ಒಂದು ದೊಡ್ಡ ತೋಟಾ ಅದ, 1904ರಿಂದ ನಡದದ. ಚಿಕಾಗೋದ ದೊಡ್ಡ ವಾದ್ಯವೃಂದ 1936ರಿಂದ ಬ್ಯಾಸಿಗಿಗೆ ಅಲ್ಲೆ ನುಡಸತದ. ರೈಲು ತೋಟದ ಬಾಗಲದಾಗೇ ನಿಲ್ಲತದ. ಮಂದಿ ಮನಿಯಿಂದ ಊಟಾ ಕಟ್ಟಿಕೊಂಡು ಬಂದು ಹುಲ್ಲಿನ ಮ್ಯಾಲೆ ಕೂಡ್ರತಾರ, ಕುರ್ಚಿ ಟೇಬಲ್ ಹೊತ್ತು ತರಲಿಕ್ಕೆ ಆಗದವರಿಗೆ ಅಲ್ಲೇ ಬಾಡಿಗಿಗೆ ಸಿಗತಾವ. ಕೆಲವರು ಟೇಬಲ್ ಮ್ಯಾಲೆ ಅರಿವಿ ಹಾಸಿ, ಹೂವು ಇಟ್ಟು, ಮೋಂಬತ್ತಿ ಹಚ್ಚಿ ಊಟಾ ಮಾಡತಾರ. ಅಲ್ಲಿಯವರಿಗೆ ಅದು ನೂರು ವರ್ಷದ ರೂಢಿ. ನಮ್ಮವರು ಅದರ ಫೋಟೋ ನೋಡಿ "ಎಷ್ಟು ಛಂದ" ಅಂತಾರ, ಅದನ್ನೇ ನಾವು ಓಣ್ಯಾಗ ಮಾಡೋಣ ಅಂದ್ರ "ಇದೇನು ಸಂಗೀತೋ ಸಂತರ್ಪಣೆಯೋ" ಅಂತ ನಗತಾರ.

ಖರೇ ಹೇಳಬೇಕಂದ್ರ ಬುತ್ತಿ ಕಟ್ಟೂದು ನಮಗ ಯಾರೂ ಕಲಸಬೇಕಾಗಿಲ್ಲ. ಸೀಗಿ ಹುಣ್ಣಿಮಿಗೆ ಹೊಲಕ್ಕ, ಎಳ್ಳಮಾಸಿಗೆ ಹೊಲಕ್ಕ, ಸಂಕ್ರಮಣಕ್ಕ ಹೊಳಿ ದಂಡಿಗೆ ಬುತ್ತಿ ಒಯ್ಯೂ ಮಂದಿ ನಾವು. ಹಾಡಿಗ್ಯಾಕ ಒಯ್ಯಬಾರದು? ಇಲ್ಲೇ ಅದ ನೋಡ್ರಿ ದೊಡ್ಡ ವಿಷಯ. ಎಂಟೂವರಿ ಆದ ಕೂಡಲೇ ನಾವು ಗಡಿಯಾರ ನೋಡಲಿಕ್ಕೆ ಶುರು ಮಾಡತೇವಿ. ಅತ್ತಿಯವರಿಗೆ ಊಟಕ್ಕ ಹಾಕಬೇಕು, ಗುಳಿಗಿ ಕೊಡಬೇಕು, ಇವರು ಹತ್ತಕ್ಕ ಹಾಡು ಮುಗಿಸಿ ಬಂದು ಬಿಸಿ ಭಕ್ಕರಿ ಕೇಳತಾರ. ಹಿಂಗಾಗಿ ಆಲಾಪ ಮುಗಿದು ಬಂದಿಶ್ ಏರೂ ಹೊತ್ತಿಗೆ ನಾವು ಚಪ್ಪಲಿ ಹುಡಕತಿರತೇವಿ. ಗಂಡಸರು ಪೂರಾ ಹಾಡು ಕೇಳತಾರ, ಯಾಕಂದ್ರ ಅವರ ಊಟದ ಚಿಂತಿ ನಾವು ಮಾಡಿರತೇವಿ. ಮನೀ ಮಂದಿಯೆಲ್ಲಾ ಅಲ್ಲೇ ಕೂಡಿ ಉಂಡುಬಿಟ್ರ ಈ ಓಡಾಟಾನೇ ಉಳೀತದ.

ಹಂಗಾರ ಟೇಬಲ್ ಯಾಕ, ನೆಲದ ಮ್ಯಾಲೇ ಹರವಿಕೊಂಡು ಉಣಬಹುದಲ್ಲ ಅಂತೀರಿ. ನೆಲದ ಮ್ಯಾಲೆ ಡಬ್ಬಿ ತಗದ್ರ ಮತ್ತ ಬಡಸಾವರು ನಾವ. ಬಗ್ಗಿ ಬಗ್ಗಿ ಎಲ್ಲಾರಿಗೂ ಹಾಕಿ, ಕಡೀಕ ನಾವು ಉಣ್ಣಬೇಕು, ಅಷ್ಟರಾಗ ಎರಡನೇ ಹಾಡಿಕಿ ಶುರು. ಟೇಬಲ್ ಮ್ಯಾಲೆ ಇಟ್ರ ಒಬ್ಬೊಬ್ಬರೇ ತಾಟು ಹಿಡಕೊಂಡು ಬಂದು ತಾವೇ ಹಾಕ್ಕೋತಾರ. ಗಂಡಸರೂ ಹಾಕ್ಕೋತಾರ, ಅವರಿಗೂ ಬರತದ, ನೋಡೀನಿ ನಾನು. ಇರಿವಿ ಹತ್ತೂದಿಲ್ಲ, ಕತ್ತಲಾಗ ಯಾರೂ ಪಲ್ಯಾದ ಮ್ಯಾಲೆ ಕಾಲಿಡೂದಿಲ್ಲ. ನನಗ ಟೇಬಲ್ ಅಂದ್ರ ಡೌಲು ಅಲ್ಲ, ಅದು ನಮಗ ಅರ್ಧಾ ತಾಸಿನ ಬಿಡುವು.

ಬುತ್ತಿ ಬಗ್ಗೆ ಎರಡು ಮಾತು. ಹಾಡು ನಡದಾಗ ತಿನ್ನೂದು ಖಂಡಿತ ಬ್ಯಾಡ, ಮಧ್ಯಂತರದಾಗ ಮಾತ್ರ. ವ್ಯವಸ್ಥಾಪಕರಿಗೆ ಮೊದಲೇ ಹೇಳಿ ಅರ್ಧಾ ತಾಸಿನ ಮಧ್ಯಂತರ ಇಡಸ್ರಿ. ಕಟಕ್ ರೊಟ್ಟಿ ರುಚಿಯೇನೋ ಖರೆ, ಆದರ ಅದರ ಸಪ್ಪಳಕ್ಕ ಮೈಕೂ ಸೋಲತದ, ಎರಡನೇ ಹಾಡಿಕಿ ಶುರುವಾದ ಮ್ಯಾಲೂ ಕಟಂ ಕಟಂ ಅನಕೋತ ಕೂಡ್ರಬೇಕಾಗತದ. ಮೆತ್ತಗಿನ ಚಪಾತಿ, ಎಣ್ಣಿಗಾಯಿ, ಶೇಂಗಾ ಚಟ್ನಿ, ಮೊಸರನ್ನ, ಬೇಕಾದ್ರ ಮಾದಲಿ, ಇಷ್ಟು ಸಾಕು. ಸಾರು, ಹುಳಿ ಮನ್ಯಾಗೇ ಇರಲಿ. ಸ್ಟೀಲ್ ಡಬ್ಬಿ ಮುಚ್ಚಳಾ ಕಲ್ಲಿನ ಮ್ಯಾಲೆ ಬಿದ್ರ ಹಾಡಾವರು ಬೆಚ್ಚಿಬೀಳತಾರ, ಅದಕ್ಕ ಡಬ್ಬಿ ಎಲ್ಲಾ ಚೀಲದಾಗ ಹಾಕಿ ಟೇಬಲ್ ಮಗ್ಗಲೇ ಇಡ್ರಿ. ತಾಟು ಮನೀವೇ ತರ್ರಿ, ಕಸಾ ಆಗೂದಿಲ್ಲ.

ಇನ್ನ ಬಾಡಿಗಿ ವಿಷಯ. ಕೆಲವರು "ಬಾಡಿಗಿ ಯಾಕ, ಎಲ್ಲಾರೂ ಕೂಡಿ ಕುರ್ಚಿ ಕೊಂಡುಬಿಡೋಣ" ಅಂತಾರ. ಬ್ಯಾಡ. ವರ್ಷಕ್ಕ ಎರಡು ಮೂರು ಸಲದ ಕಾರ್ಯಕ್ರಮಕ್ಕ ಐವತ್ತು ಕುರ್ಚಿ ಇಡೂದು ಎಲ್ಲೆ? ಯಾರದೋ ಅಟ್ಟದ ಮ್ಯಾಲೆ ಬೀಳತಾವ, ಬಿಸಲಿಗೆ ಪ್ಲಾಸ್ಟಿಕ್ ಬಿರಿತದ, ಧೂಳಾ ಒರಸೂದು ಮತ್ತ ನಮ್ಮ ಪಾಲಿಗೇ. ಬಾಡಿಗಿಯವು ಆದ್ರ ತಂದವರೇ ಒಯ್ಯತಾರ.

ನಮ್ಮ ಓಣ್ಯಾಗ ಪೆಂಡಾಲದವರು ಹೇಳಿದ ಲೆಕ್ಕಾ ಹಿಂಗದ. ಕೈ ಇರೂ ಕುರ್ಚಿ ಒಂದಕ್ಕ 10 ರೂಪಾಯಿ, 50 ಕುರ್ಚಿಗೆ 500. ಉದ್ದನ ಮಡಚೂ ಟೇಬಲ್ ಒಂದಕ್ಕ 80, ನಾಕಕ್ಕ 320. ಗಾಡಿ ಮತ್ತ ಹಮಾಲಿ ಕೂಡಿ 600. ಒಟ್ಟು 1,420 ರೂಪಾಯಿ. 20 ಮನಿ ಹಂಚಿಕೊಂಡ್ರ ಮನಿಗೆ 71 ರೂಪಾಯಿ. ವೇದಿಕಿ ಮ್ಯಾಲೆ ಹೊದಸೂ ಶಾಲು, ಹಾರ, ಹಣ್ಣಿನ ಬುಟ್ಟಿ ಖರ್ಚು ಕೂಡಿಸಿ ನೋಡ್ರಿ, ಯಾವುದು ಹೆಚ್ಚು ಅಂತ ನಿಮಗ ತಿಳೀತದ.

ಹೇಳಿ ತರಸೂವಾಗ ಇಷ್ಟು ಲಕ್ಷ್ಯದಾಗ ಇರಲಿ. ಕುರ್ಚಿಗೆ ಕೈ ಇರಬೇಕು, ಇದು ಎಲ್ಲಾಕ್ಕಿಂತ ಮುಖ್ಯ. ಮೊಣಕಾಲು ನೋವಿದ್ದವರು ಏಳೂದು ಕೈ ಊರಿಕೊಂಡು, ಕೈ ಇಲ್ಲದ ಕುರ್ಚಿ ಕೊಟ್ರ ಮತ್ತೊಬ್ಬರ ಹೆಗಲು ಹಿಡೀಬೇಕು. ಇಳಿಸೂವಾಗ ಒಂದೊಂದು ಕುರ್ಚಿ ಹಿಂದಿನ ಕಾಲು ನೋಡ್ರಿ, ಬಿರಕ ಬಿಟ್ಟಿದ್ರ ಆಗಲೇ ತಿರಿಗಿ ಕೊಡ್ರಿ. ಹುಲ್ಲಿನ ನೆಲಾ ಹಸಿ ಇದ್ರ ಕುರ್ಚಿ ಕಾಲು ಹುಗೀತದ, ಅಂಥಲ್ಲಿ ಒಣ ಜಾಗಾ ನೋಡಿ ಹಾಕಸ್ರಿ ಇಲ್ಲಾ ಕೆಳಗ ಹಲಗಿ ಕೊಡಸ್ರಿ. ಎರಡು ಸಾಲಿನ ನಡುವ ಒಬ್ಬರು ಕೋಲು ಹಿಡಕೊಂಡು ದಾಟೂವಷ್ಟು ಜಾಗಾ ಬಿಡ್ರಿ. ಟೇಬಲ್ ವೇದಿಕಿಯಿಂದ ದೂರ, ದೀಪದ ಬೆಳಕು ಬೀಳೂ ಕಡೆ ಇರಲಿ. ಲಗ್ನದ ಮುಹೂರ್ತ ಇದ್ದ ದಿನಾ ಪೆಂಡಾಲದವರ ಕಡೆ ಒಂದು ಕುರ್ಚೀನೂ ಉಳಿದಿರೂದಿಲ್ಲ, ಅದಕ್ಕ ಪಂಚಾಂಗ ನೋಡಿ ಹದಿನೈದು ದಿನಾ ಮೊದಲು ಹೇಳಿಡ್ರಿ. ಬಂದಾಗೂ ಹೋಗೂವಾಗೂ ಎಣಸಿ ಚೀಟಿ ಮ್ಯಾಲೆ ಬರಸ್ರಿ. ಕಡಿಮಿ ಬಿದ್ದ ಕುರ್ಚಿಗೆ ಹೊಸಾ ಕುರ್ಚಿ ಕಿಮ್ಮತ್ತು ಕೇಳತಾರ.

ಇನ್ನೊಂದು ಮಾತು, ಇದು ನಮ್ಮ ಸೊಸಿ ಮಗಳಂದ್ರಿಗೆ. ಬಾಡಿಗಿ ಕುರ್ಚಿ ಬಂದ ಕೂಡಲೇ ಹರೇದವರು ಮೊಬೈಲ್ ಹಿಡಕೊಂಡು ಕೂತುಬಿಡಬ್ಯಾಡ್ರಿ. ಮೌಶಿ, ಕಾಕು, ಅಬಚಿ ಅಂತ ಯಾರು ನಿಂತಾರ ನೋಡಿ ಅವರನ್ನ ಕೂಡಸ್ರಿ. ನಿಮಗ ಮುಂದಿನ ಜಮಖಾನಿ ಅದ, ಅಲ್ಲಿಂದ ಛಲೋ ಕಾಣತದ.

ಪಟ್ಟಿ ಕೇಳಲಿಕ್ಕೆ ಬರಾವರು ಸಾಮಾನ್ಯ ಮನೀ ಯಜಮಾನರನ್ನೇ ಕರೀತಾರ, ಆದರ ಚಹಾ ತಂದು ಕೊಡಾವರು ನಾವು. ಈ ಸಲ ಚಹಾ ಕೊಡೂವಾಗ ಎರಡು ಪ್ರಶ್ನೆ ಕೇಳ್ರಿ: ಹೆಣ್ಮಕ್ಕಳಿಗೆ ಕೈ ಇರೂ ಕುರ್ಚಿ ಎಷ್ಟು ಹೇಳೀರಿ, ಬುತ್ತಿ ಟೇಬಲ್ ಎಲ್ಲೆ ಇಡತೀರಿ? ಉತ್ತರಾ ಬಂದಮ್ಯಾಲೆ ಪಟ್ಟಿ ಬರಸ್ರಿ. ನಾಕು ಮನ್ಯಾಗ ಇದೇ ಪ್ರಶ್ನೆ ಕೇಳಿಬಂದ್ರ ಐದನೇ ಮನಿಗೆ ಹೋಗೂದರಾಗ ಅವರು ಪೆಂಡಾಲದವರಿಗೆ ಫೋನ್ ಮಾಡಿರತಾರ.